ಅರ್ಥಿಂಗ್ ಇಲ್ಲದ ಮನೆಗೆ ವಿದ್ಯುತ್ ಕಾರು ಒಯ್ದ ಅನುಭವ

ವಿದ್ಯುತ್ ಕಾರು ಕೊಳ್ಳಲು ನಾನು ಎರಡು ವರ್ಷ ಹಿಂದೆಮುಂದೆ ನೋಡಿದೆ. 2001ರಲ್ಲೇ ರೇವಾ ಎಂಬ ವಿದ್ಯುತ್ ಕಾರನ್ನು ರಸ್ತೆಗಿಳಿಸಿದ ಬೆಂಗಳೂರಿನಲ್ಲಿದ್ದೂ ಹೀಗೇಕೆ ಅಳುಕಿದೆ ಎಂದು ಯೋಚಿಸಿದರೆ, ಪರಿಸರದ ಕಾಳಜಿ ಇರಲಿಲ್ಲವೆಂದಲ್ಲ, ಪ್ಲಗ್ ಎಲ್ಲಿ ಚುಚ್ಚುವುದೆಂಬುದೇ ತಿಳಿದಿರಲಿಲ್ಲ.

‘ಮಳೆಗಾಲದಲ್ಲಿ ಬೇಸ್‌ಮೆಂಟಿಗೆ ನೀರು ನುಗ್ಗಿದರೆ ಯಾರು ಹೊಣೆ?’ ಎಂದು, ಅಲ್ಲಿ ಕಾರಿಗೆ ಸಾಕೆಟ್ ಹಾಕಿಸಲು ಹೊರಟಾಗ, ಅಪಾರ್ಟ್‌ಮೆಂಟಿನ ಸಂಘದವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನನ್ನ ಮನೆಯ ಮೀಟರಿನಿಂದ ಬೇರೆ ವೈರು ಎಳೆಸಿ, ಕರೆಂಟ್ ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್ಚು, ಅಂದರೆ ಆರ್‌ಸಿಸಿಬಿ ಹಾಕಿಸಿ, ಸಾಕೆಟ್ಟನ್ನು ಎದೆಮಟ್ಟಕ್ಕೆ ಕೂರಿಸಿದ ಮೇಲೆ ಒಪ್ಪಿದರು. ಯೂನಿಟ್ಟಿಗೆ 7 ಕಿ.ಮೀ. ಓಡುತ್ತದೆ; 8 ರೂಪಾಯಿ ದರ ಹಿಡಿದರೂ ಕಿಲೋಮೀಟರಿಗೆ ಒಂದು ರೂಪಾಯಿ ಚಿಲ್ಲರೆ. ಹಳೆಯ ಪೆಟ್ರೋಲ್ ಕಾರು 7 ರೂಪಾಯಿ ನುಂಗುತ್ತಿತ್ತು. ಆ ಕರೆಂಟಿನಲ್ಲೂ ರಾಯಚೂರಿನ ವಿದ್ಯುತ್ ಸ್ಥಾವರದಲ್ಲಿ ಉರಿಯುವ ಕಲ್ಲಿದ್ದಲಿನ ಪಾಲಿದೆ ಎಂಬುದನ್ನು ನಾನು ಮರೆತಿಲ್ಲ.

ನಿಜವಾದ ಫಜೀತಿಯಾದದ್ದು ತಿಪಟೂರಿನ ಬಳಿಯ ನಮ್ಮ ಹಳ್ಳಿಯಲ್ಲಿ. ತುಂಬಿದ ಬ್ಯಾಟರಿಗೆ 200 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು ಬರುತ್ತದೆ, ಹೋಗಿಬರುವ ದಾರಿ ಸುಮಾರು 300. ಅಲ್ಲಿ ಚಾರ್ಜ್ ಮಾಡದೆ ಗತ್ಯಂತರವಿರಲಿಲ್ಲ. ಪ್ಲಗ್ ಹಾಕಿದೊಡನೆ ಚಾರ್ಜರಿನಲ್ಲಿ ಕೆಂಪು ದೀಪ ಹತ್ತಿತು. ಸಾಕೆಟ್ಟಿಗೆ ಮೂರು ತೂತುಗಳಿದ್ದವು, ಆದರೆ ಮೇಲಿನ ತೂತಿನ ಹಿಂದೆ ಅರ್ಥಿಂಗ್ ವೈರೇ, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ವೈರೇ, ಇರಲಿಲ್ಲ. ಫ್ರಿಜ್ಜು, ಮಿಕ್ಸಿಗಳೆಲ್ಲ ವರ್ಷಗಟ್ಟಲೆ ಹಾಗೆಯೇ ನಡೆದಿದ್ದವು; ಕಾರಿನ ಚಾರ್ಜರು ಮಾತ್ರ ಮೊದಲು ಅರ್ಥಿಂಗನ್ನು ಪರೀಕ್ಷಿಸಿ, ಅದಿಲ್ಲದಿದ್ದರೆ ಕರೆಂಟನ್ನೇ ಮುಟ್ಟುವುದಿಲ್ಲ. ‘ಏನಪ್ಪಾ, ಇಷ್ಟು ದುಡ್ಡು ಕೊಟ್ಟು ತಂದಿದೀಯ, ನಮ್ಮನೆ ಕರೆಂಟು ಇದಕ್ಕೆ ರುಚಿಸೋದಿಲ್ವಾ?’ ಎಂದರು ದೊಡ್ಡಪ್ಪ.

ಮರುದಿನ ಎಲೆಕ್ಟ್ರಿಷಿಯನ್ ಬಂದು, ಬಚ್ಚಲ ನೀರು ಹರಿಯುವ ಬಾಳೆಬುಡದ ಪಕ್ಕ ಆಳೆತ್ತರದ ಗುಂಡಿ ತೋಡಿಸಿ, ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು ತುಂಬಿಸಿ, ಪೈಪಿನಿಂದ ಸಾಕೆಟ್ಟಿನ ಆ ತೂತಿಗೆ ವೈರು ಎಳೆದರು. ಪಂಪ್‌ಸೆಟ್ಟುಗಳು ಓಡುವಾಗ ವೋಲ್ಟೇಜ್ ಇಳಿಯುವುದರಿಂದ ರಾತ್ರಿಯವರೆಗೆ ಕಾದು ಪ್ಲಗ್ ಹಾಕಿದಾಗ ದೀಪ ಹಸಿರಾಯಿತು. ಬೆಳಗ್ಗೆ ಬ್ಯಾಟರಿ ತುಂಬಿತ್ತು.

ವಿದ್ಯುತ್ ಕಾರು ಬೇಡವೆನ್ನುವವರನ್ನು ಹಳೆಯ ಕಾಲದವರೆಂದು ಹಳಿಯುವ ಅಭ್ಯಾಸವನ್ನು ನಾನು ಅಂದೇ ಬಿಟ್ಟೆ. ಈಗ ಯಾರಾದರೂ ಸಲಹೆ ಕೇಳಿದರೆ, ಶೋರೂಮಿಗೆ ಹೋಗುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಮನೆಯ ಅರ್ಥಿಂಗ್ ನೋಡಿಸಿ ಎನ್ನುತ್ತೇನೆ. ಬೇಸಿಗೆಯಲ್ಲಿ ಮಣ್ಣು ಒಣಗಬಾರದೆಂದು ದೊಡ್ಡಪ್ಪ ಆ ಗುಂಡಿಗೆ ವಾರಕ್ಕೊಂದು ಕೊಡ ನೀರು ಹೊಯ್ಯುತ್ತಾರೆ.