ಅಡಿಕೆ ಚೀಟಿಯ ಫಾಂಟಿಗೆ ಚಿಹ್ನೆಗಳನ್ನು ಸೇರಿಸಿದ ಬಗೆ

ಶಿವಮೊಗ್ಗದ ಅಡಿಕೆ ಮಂಡಿಯ ಚೀಟಿಯಲ್ಲಿ ಜಾಗದ್ದೇ ತಾಪತ್ರಯ. 80 ಮಿ.ಮೀ. ಅಗಲದ ಥರ್ಮಲ್ ಕಾಗದದ ಒಂದೇ ಸಾಲಿನಲ್ಲಿ ಚೀಲ, ತೂಕ, ಕ್ವಿಂಟಾಲ್ ದರ, ಮೊತ್ತ ಎಲ್ಲ ಕೂರಬೇಕು. ಅಡಿಕೆಯ ದರ್ಜೆಯನ್ನು ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬಿಡಿಸಿ ಬರೆಯುವ ಬದಲು ಒಂದೊಂದಕ್ಕೆ ಒಂದು ಚಿಹ್ನೆಯಿದ್ದರೆ ಸಾಲು ಮುರಿಯುವುದಿಲ್ಲ. ಮನೆಯಲ್ಲೇ ಮಾಡಿಕೊಂಡ ಕನ್ನಡ ಫಾಂಟಿಗೆ ಈ ನಾಲ್ಕು ಚಿಹ್ನೆ ಮತ್ತು ₹ ಸೇರಿಸಿದ ಕ್ರಮ ಇದು. ಬಳಸಿದ್ದು ಫಾಂಟ್ ತಿದ್ದುವ ಫಾಂಟ್‌ಫೋರ್ಜ್ ಮತ್ತು ಚಿತ್ರ ಬರೆಯುವ ಇಂಕ್‌ಸ್ಕೇಪ್ ತಂತ್ರಾಂಶಗಳು.

ಚಿತ್ರ ಬರೆಯುವುದಕ್ಕೂ ಮೊದಲು ಸಂಕೇತಸಂಖ್ಯೆ, ಅಂದರೆ ಕಂಪ್ಯೂಟರ್ ಆ ಅಕ್ಷರವನ್ನು ಗುರುತಿಸುವ ಸಂಖ್ಯೆ, ಗೊತ್ತುಮಾಡಿಕೊಳ್ಳಬೇಕು. ರೂಪಾಯಿ ಚಿಹ್ನೆಗೆ ಯೂನಿಕೋಡಿನಲ್ಲಿ ಯು+20ಬಿ9 ಎಂಬ ಸ್ವಂತ ಸ್ಥಾನವಿದೆ. 2010ರ ಜುಲೈಯಲ್ಲಿ ಚಿಹ್ನೆ ಅಂಗೀಕಾರವಾಯಿತು, ಅದೇ ವರ್ಷ ಅಕ್ಟೋಬರಿನ 6.0 ಆವೃತ್ತಿಯಲ್ಲಿ ಸೇರಿತು. ನಡುವಿನ ತಿಂಗಳುಗಳಲ್ಲಿ ಬಂದ ಕೆಲವು ಫಾಂಟುಗಳು ಅದನ್ನು ಟಿಲ್ಡ್ ಕೀಲಿಯ ಜಾಗದಲ್ಲಿ ಕೂರಿಸಿದ್ದವು. ಆಗಿನ ಕಡತಗಳನ್ನು ಬೇರೆ ಫಾಂಟಿನಲ್ಲಿ ತೆರೆದರೆ ಮೊತ್ತದ ಮುಂದೆ ಈಗಲೂ ಒಂದು ಓರೆಗೀಟು ಕಾಣುತ್ತದೆ. ಅಡಿಕೆಯ ದರ್ಜೆಗಳಿಗೆ ಯೂನಿಕೋಡಿನಲ್ಲಿ ಸ್ಥಾನವಿಲ್ಲ. ಅಂಥವಕ್ಕೆಂದೇ ಯು+ಇ000ದಿಂದ ಯು+ಎಫ್8ಎಫ್ಎಫ್‌ವರೆಗೆ ಖಾಸಗಿ ಬಳಕೆಯ ಪ್ರದೇಶ ಬಿಟ್ಟಿದ್ದಾರೆ; ನಾಲ್ಕನ್ನೂ ಅದರ ಮೊದಲ ನಾಲ್ಕು ಮನೆಗಳಲ್ಲಿ ಇಟ್ಟೆ.

ಫಾಂಟ್‌ಫೋರ್ಜ್‌ನಲ್ಲಿ ಎನ್‌ಕೋಡಿಂಗ್ ಮೆನುವಿನಿಂದ ಪೂರ್ಣ ಯೂನಿಕೋಡ್ ನೋಟಕ್ಕೆ ಬದಲಿಸಿ, ವ್ಯೂ ಮೆನುವಿನ ಗೋಟುವಿನಲ್ಲಿ ಸಂಖ್ಯೆ ಕೊಟ್ಟರೆ ಆ ಮನೆ ಸಿಗುತ್ತದೆ. ಇಂಕ್‌ಸ್ಕೇಪ್‌ನ ಪುಟ 1000×1000 ಪಿಕ್ಸೆಲ್ ಇರಲಿ. ಫಾಂಟಿನ ಎಮ್ (ಅಕ್ಷರ ಬರೆಯುವ ಚೌಕದ ಎತ್ತರ) 1000 ಯೂನಿಟ್, ಅದರಲ್ಲಿ ಅಸೆಂಟ್ (ಅಕ್ಷರ ಕೂರುವ ಗೆರೆಯ ಮೇಲಿನ ಭಾಗ) 800, ಡಿಸೆಂಟ್ (ಕೆಳಗಿನ ಭಾಗ) 200 ಇದ್ದರೆ ಪುಟದ ತಳದಿಂದ 200 ಪಿಕ್ಸೆಲ್ ಮೇಲಿನ ಗೆರೆಯೇ ಅಕ್ಷರ ಕೂರುವ ಗೆರೆ. ಗೀಟುಗಳನ್ನೆಲ್ಲ ಪಾತ್ (ಹೊರಗೆರೆಯ ಆಕಾರ) ಆಗಿ ಪರಿವರ್ತಿಸಿ ಎಸ್‌ವಿಜಿಯಾಗಿ ಉಳಿಸಿ, ಆ ಮನೆಯೊಳಗೆ ಇಂಪೋರ್ಟ್ ಮಾಡಿದರಾಯಿತು.

ದಪ್ಪದ ಲೆಕ್ಕದಲ್ಲಿ ಮಾತ್ರ ಅವಸರ ಕೂಡದು. ಸಾಮಾನ್ಯ ಥರ್ಮಲ್ ಪ್ರಿಂಟರಿನ ಸಾಂದ್ರತೆ ಇಂಚಿಗೆ 203 ಚುಕ್ಕಿ. 10 ಪಾಯಿಂಟ್ ಗಾತ್ರದಲ್ಲಿ ಇಡೀ ಎಮ್‌ಗೆ ಸಿಗುವುದು ಸುಮಾರು 28 ಚುಕ್ಕಿ, ಅಂದರೆ ಒಂದು ಚುಕ್ಕಿಗೆ ಹತ್ತಿರಹತ್ತಿರ 36 ಯೂನಿಟ್. ಅದಕ್ಕಿಂತ ತೆಳುವಾದ ಗೆರೆ ಒಂದು ಚೀಟಿಯಲ್ಲಿ ಬಂದರೆ ಇನ್ನೊಂದರಲ್ಲಿ ಮಾಯ. ಹಾಗಾಗಿ ಯಾವ ಗೆರೆಯೂ 72 ಯೂನಿಟ್‌ಗಿಂತ ಸಣ್ಣದಾಗದಂತೆ, ಗೆರೆಗಳ ನಡುವಿನ ಬಿಳಿಯೂ ಅಷ್ಟೇ ಇರುವಂತೆ ನೋಡಿಕೊಂಡೆ. ₹ನ ಎರಡು ಅಡ್ಡಗೆರೆಗಳ ನಡುವಿನ ಸಂದು ಇದಕ್ಕಿಂತ ಕಿರಿದಾದರೆ ಶಾಖ ಹರಡಿ ಎರಡೂ ಸೇರಿ ಒಂದೇ ಪಟ್ಟಿಯಾಗುತ್ತದೆ.

ದರ್ಜೆಗಳಿಗೆ ಆರಿಸಿದ್ದು ಉಂಗುರದೊಳಗೆ ಒಂದಕ್ಷರ: ರ, ಬ, ಸ, ಗ. ‘ಗೊ’ ಎಂದೇ ಹಾಕಿದರೆ ಇಷ್ಟು ಸಣ್ಣ ಜಾಗದಲ್ಲಿ ಗುರುತು ಸಿಗುವುದಿಲ್ಲ. ಉಂಗುರದ ವ್ಯಾಸ 860, ದಪ್ಪ 72. ಒಳಗಿನ ಅಕ್ಷರವನ್ನು ಶೇ. 65ಕ್ಕೆ ಇಳಿಸಿದಾಗ 90 ಯೂನಿಟ್ ಇದ್ದ ಗೆರೆ 58ಕ್ಕೆ ಬೀಳುತ್ತದೆ. ಚೇಂಜ್ ವೇಯ್ಟ್ ಉಪಕರಣದಿಂದ 20 ಯೂನಿಟ್ ತುಂಬಿದರೆ ಮತ್ತೆ ಸರಿ. ಉಂಗುರ ಕರಿ ಬಿಲ್ಲೆಯಾಗಿ ಕಂಡರೆ ಒಳವೃತ್ತ ಮತ್ತು ಹೊರವೃತ್ತ ಒಂದೇ ದಿಕ್ಕಿಗೆ ಸುತ್ತುತ್ತಿವೆ ಎಂದರ್ಥ. ಕರೆಕ್ಟ್ ಡೈರೆಕ್ಷನ್ ಒತ್ತಿದರೆ ಸರಿಹೋಗುತ್ತದೆ. ಕಪ್ಪು ಬಿಲ್ಲೆಯಲ್ಲಿ ಬಿಳಿ ಅಕ್ಷರ ಪರದೆಯ ಮೇಲೆ ಚೆಂದ, ಥರ್ಮಲ್‌ಗೆ ಬೇಡ.

ಹತ್ತೂ ಅಂಕಿಗಳ ಅಗಲ ಒಂದೇ ಇರಬೇಕು. ₹ನ ಅಗಲವೂ ಅಷ್ಟೇ ಆದರೆ ದರದ ಕಂಬಸಾಲು ನೆಟ್ಟಗೆ ನಿಲ್ಲುತ್ತದೆ. ಗ್ಲಿಫ್ ಇನ್ಫೋದಲ್ಲಿ ವರ್ಗ ‘ಮಾರ್ಕ್’ (ಬೇರೆ ಅಕ್ಷರಕ್ಕೆ ಅಂಟಿಕೊಳ್ಳುವ ಗುರುತು) ಎಂದಾಗಿಬಿಟ್ಟಿದ್ದರೆ ಕೆಲವು ತಂತ್ರಾಂಶಗಳು ಅಗಲವನ್ನು ಸೊನ್ನೆ ಮಾಡಿ ಚಿಹ್ನೆಯನ್ನು ಪಕ್ಕದ ಅಕ್ಷರದ ಮೇಲೆ ಹೇರುತ್ತವೆ. ಉಂಗುರದ ತುದಿ ವಿನ್ ಅಸೆಂಟ್ (ವಿಂಡೋಸ್‌ಗೆ ಕೊಟ್ಟ ಮೇಲಿನ ಮಿತಿ) ಮೀರಿದರೆ ವಿಂಡೋಸ್‌ನಲ್ಲಿ ನೆತ್ತಿ ಕತ್ತರಿಸಿಹೋಗುತ್ತದೆ. ಫಾಂಟ್ ಇನ್ಫೋದ ಓಎಸ್/2 ಪುಟದ ಯೂನಿಕೋಡ್ ವ್ಯಾಪ್ತಿಯಲ್ಲಿ ಕನ್ನಡದ 22ರ ಜತೆಗೆ ಕರೆನ್ಸಿಯ 33, ಖಾಸಗಿ ಪ್ರದೇಶದ 60 ಬಿಟ್‌ಗಳನ್ನೂ ಗುರುತು ಹಾಕಿ.

ಇನ್ನು ಟೈಪಿಸುವ ಮಾತು. ಖಾಸಗಿ ಪ್ರದೇಶದ ಅಕ್ಷರಕ್ಕೆ ಕೀಲಿ ಇರುವುದಿಲ್ಲ, ಆದ್ದರಿಂದ ಲಿಗೇಚರ್ ಕಟ್ಟಬೇಕು, ಅಂದರೆ ಎರಡು ಅಕ್ಷರ ಹೊಡೆದರೆ ಅವುಗಳ ಬದಲು ಒಂದು ಚಿಹ್ನೆ ಕಾಣುವಂತೆ ಮಾಡಬೇಕು. ‘ರಾ’ ಎಂದು ಕನ್ನಡದಲ್ಲೇ ಹೊಡೆದರೆ ಚಿಹ್ನೆ ಬರಲಿ ಎಂದು ಅನಿಸುವುದು ಸಹಜ. ಆದರೆ ಲಿಬ್ರೆಆಫೀಸ್, ಕ್ರೋಮ್, ಫೈರ್‌ಫಾಕ್ಸ್ ಬಳಸುವ, ಅಕ್ಷರ ಜೋಡಿಸುವ ಹಾರ್ಫ್‌ಬಜ್ ತಂತ್ರಾಂಶ ಕನ್ನಡ ಪಠ್ಯಕ್ಕೆ ಲಿಗೇಚರಿನ ‘ಲಿಗಾ’ ಫೀಚರನ್ನು ಹಚ್ಚುವುದೇ ಇಲ್ಲ. ಎರಡು ಕೋಲನ್ ನಡುವೆ ಇಂಗ್ಲಿಷ್ ಅಕ್ಷರ ಇಟ್ಟರೂ ಕೆಡುತ್ತದೆ: ಕನ್ನಡದ ಬೆನ್ನಿಗೆ ಬಂದ ಕೋಲನ್ ಕನ್ನಡದ ತುಂಡಿಗೆ ಸೇರಿ, ಮುಂದಿನ ಅಕ್ಷರ ಲ್ಯಾಟಿನ್ ತುಂಡಿಗೆ ಹೋಗುತ್ತದೆ, ತುಂಡುಗಳ ಆಚೀಚೆ ಲಿಗೇಚರ್ ಕೂಡದು. ಕೆಲಸ ಮಾಡುವುದು ಬರೀ ಇಂಗ್ಲಿಷ್ ಸಣ್ಣಕ್ಷರಗಳ ಜೋಡಿ: ಕ್ಯೂ-ಆರ್ ರಾಶಿಗೆ, ಕ್ಯೂ-ಬಿ ಬೆಟ್ಟೆಗೆ, ಕ್ಯೂ-ಎಸ್ ಸರಕಿಗೆ, ಕ್ಯೂ-ಜಿ ಗೊರಬಲಿಗೆ. ಈ ಜೋಡಿಗಳ ನಿಯಮವನ್ನು, ಅಂದರೆ ಲುಕಪ್ಪನ್ನು, ಲ್ಯಾಟಿನ್ ಮತ್ತು ಡೀಫಾಲ್ಟ್ ಲಿಪಿಗಳ ಕೆಳಗೆ ನೋಂದಿಸಿ. ಆ ಐದು ಇಂಗ್ಲಿಷ್ ಅಕ್ಷರಗಳು ನಿಮ್ಮ ಫಾಂಟಿನಲ್ಲೇ ಇರಬೇಕು. ಇಲ್ಲವಾದರೆ ತಂತ್ರಾಂಶ ಅವನ್ನು ಬೇರೆ ಫಾಂಟಿನಿಂದ ತರುತ್ತದೆ, ಜೋಡಿ ಕೂಡುವುದಿಲ್ಲ. ವರ್ಡ್‌ನಲ್ಲಿ ಲಿಗೇಚರ್ ಚಾಲೂ ಇಲ್ಲದಿದ್ದರೆ ಫಾಂಟ್ ಆಯ್ಕೆಯ ಅಡ್ವಾನ್ಸ್ಡ್ ಪುಟಕ್ಕೆ ಹೋಗಿ ನಾವೇ ಚಾಲೂ ಮಾಡಬೇಕು. ಲಿಗೇಚರ್ ದಾರಿಯ ಲಾಭ ಇನ್ನೊಂದಿದೆ: ಒಳಗಿನ ಪಠ್ಯ ಎರಡಕ್ಷರವಾಗಿಯೇ ಉಳಿಯುವುದರಿಂದ ಹುಡುಕಬಹುದು, ಫಾಂಟ್ ಇಲ್ಲದ ಮೊಬೈಲಿನಲ್ಲಿ ಖಾಲಿ ಚೌಕ ಬಾರದು.

ಪ್ರಿಂಟರಿಗೆ ಚೀಟಿಯನ್ನು ಡ್ರೈವರ್ ಮೂಲಕ ಚಿತ್ರವಾಗಿ ಕಳಿಸಿ. ಬಿಲ್ಲಿನ ತಂತ್ರಾಂಶ ನೇರ ಪಠ್ಯವಾಗಿ ಕಳಿಸುತ್ತಿದ್ದರೆ ಪ್ರಿಂಟರ್ ತನ್ನೊಳಗಿನ ಫಾಂಟನ್ನೇ ಬಳಸುತ್ತದೆ, ನಮ್ಮದನ್ನು ಮುಟ್ಟುವುದಿಲ್ಲ. ಉಂಗುರದ ಒಂದು ಪಕ್ಕ ಎರಡು ಚುಕ್ಕಿ, ಇನ್ನೊಂದು ಪಕ್ಕ ಮೂರು ಬಂದರೆ ಗಾತ್ರವನ್ನು ಅರ್ಧ ಪಾಯಿಂಟ್ ಹೆಚ್ಚುಕಡಿಮೆ ಮಾಡಿ ನೋಡಿ. ತಿದ್ದಿದ ಫಾಂಟ್ ಹಾಕಿದ ಮೇಲೂ ಹಳೆಯ ರೂಪವೇ ಕಾಣುವುದುಂಟು. ಅದು ಕ್ಯಾಶ್‌ನ, ಅಂದರೆ ಕಂಪ್ಯೂಟರ್ ಉಳಿಸಿಕೊಂಡ ಹಳೆಯ ಪ್ರತಿಯ, ಕೆಲಸ. ಪರೀಕ್ಷೆ ಮುಗಿಯುವ ತನಕ ಪ್ರತಿ ಸಲ ಫಾಂಟಿನ ಹೆಸರಿನ ಕೊನೆಗೆ ಹೊಸ ಅಂಕಿ ಸೇರಿಸಿ ರಫ್ತು ಮಾಡಿದರೆ ಆ ಗೊಂದಲವಿಲ್ಲ.