ಸೇವೆಯ ಕೂಲಿ ಯಾರ ಕೈಯಿಂದ? ಉದ್ದೇಶವನ್ನು ಪರೀಕ್ಷಿಸಿಕೊಳ್ಳಲು ನಾಲ್ಕು ವಾರಗಳ ಕ್ರಮ

ಕ್ರೈಸ್ತ ಸಭೆಯಲ್ಲಿ (ಚರ್ಚಿನಲ್ಲಿ) ಕೆಲಸ ಮಾಡುವ ಯಾರನ್ನಾದರೂ "ಇದನ್ನೆಲ್ಲ ಯಾಕೆ ಮಾಡುತ್ತೀರಿ?" ಎಂದು ಕೇಳಿ ನೋಡಿ. "ದೇವರ ಮಹಿಮೆಗಾಗಿ" ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಅದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಉಳಿದ ಭಾಗ ಹೊರಬೀಳುವುದು ಕಾರ್ಯಕ್ರಮದ ಕೊನೆಯ ವಂದನಾರ್ಪಣೆಯಲ್ಲಿ ಹನ್ನೆರಡು ಹೆಸರು ಓದಿ ನಮ್ಮದೊಂದನ್ನು ಮರೆತಾಗ. ಆ ಕ್ಷಣದಲ್ಲಿ ಮನಸ್ಸು ಚುರ್ರೆಂದರೆ, ಯಾವುದೋ ಒಂದು ಕೂಲಿಗಾಗಿ ಕಾಯುತ್ತಿದ್ದೆವು ಎಂದೇ ಅರ್ಥ. ಅದು ಯಾವ ಕೂಲಿ, ಯಾರ ಕೈಯಿಂದ ಬರಬೇಕಿತ್ತು ಎಂದು ಹುಡುಕಿ ತೆಗೆಯುವ ಕ್ರಮ ಇಲ್ಲಿದೆ. ಒಂದು ಚಿಕ್ಕ ನೋಟ್‌ಬುಕ್ಕು, ದಿನಕ್ಕೆ ಐದು ನಿಮಿಷ, ನಾಲ್ಕು ವಾರ, ಇಷ್ಟಿದ್ದರೆ ಸಾಕು.

ಶುರು ಮಾಡುವ ಮೊದಲು ಒಂದು ತಪ್ಪು ಕಲ್ಪನೆಯನ್ನು ಬದಿಗಿಡಬೇಕು. ಪ್ರತಿಫಲ ಬಯಸುವುದೇ ಪಾಪ, ನಿಜವಾದ ಭಕ್ತ ಏನನ್ನೂ ಬಯಸಬಾರದು ಎಂದು ಅನೇಕರು ನಂಬಿದ್ದಾರೆ. ಯೇಸು ಹಾಗೆ ಹೇಳಲಿಲ್ಲ. ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ದಾನ, ಪ್ರಾರ್ಥನೆ, ಉಪವಾಸ ಈ ಮೂರನ್ನೂ ಗುಟ್ಟಾಗಿ ಮಾಡಿರಿ ಎಂದವನು, ಗುಟ್ಟನ್ನು ನೋಡುವ ತಂದೆ ಪ್ರತಿಫಲ ಕೊಡುತ್ತಾನೆ ಎಂದು ಮೂರು ಸಲವೂ ಸೇರಿಸಿದ. ಇಬ್ರಿಯರಿಗೆ ಬರೆದ ಪತ್ರಿಕೆಯೂ (11:6) ದೇವರ ಬಳಿಗೆ ಬರುವವನು ಎರಡು ಸಂಗತಿ ನಂಬಬೇಕು ಎನ್ನುತ್ತದೆ: ದೇವರಿದ್ದಾನೆ, ತನ್ನನ್ನು ಹುಡುಕುವವರಿಗೆ ಆತ ಪ್ರತಿಫಲ ಕೊಡುತ್ತಾನೆ. ಹಾಗಾಗಿ ಬಯಸಬೇಕೋ ಬಾರದೋ ಎಂದು ತಲೆ ಕೆಡಿಸಿಕೊಳ್ಳುವುದು ಬೇಡ. ಯಾರಿಂದ ಬಯಸುತ್ತೇವೆ, ಏನನ್ನು ಬಯಸುತ್ತೇವೆ ಎಂದು ನೋಡಿದರೆ ಸಾಕು.

ಅದೇ ಅಧ್ಯಾಯದಲ್ಲಿ ಕಪಟಿಗಳ ಬಗ್ಗೆ "ಅವರು ತಮ್ಮ ಪ್ರತಿಫಲ ಹೊಂದಿದ್ದಾಯಿತು" ಎಂಬ ಮಾತೂ ಮೂರು ಸಲ ಬರುತ್ತದೆ. ಅಲ್ಲಿರುವ ಗ್ರೀಕ್ ಕ್ರಿಯಾಪದ ಆಗಿನ ವ್ಯಾಪಾರದ ರಸೀದಿಗಳಲ್ಲಿ ಬಳಕೆಯಲ್ಲಿದ್ದ ಪದ, "ಪೂರ್ತಿ ಸಂದಾಯವಾಗಿದೆ" ಎಂಬ ಅರ್ಥದ್ದು. ಜನರ ಹೊಗಳಿಕೆಗಾಗಿ ಮಾಡಿದವನಿಗೆ ಹೊಗಳಿಕೆ ಸಿಕ್ಕಿತು, ಲೆಕ್ಕ ಚುಕ್ತಾ ಆಯಿತು. ದೇವರು ಅವನಿಗೆ ಬಾಕಿ ಇಟ್ಟಿಲ್ಲ. ಮುಂದೆ ಹೇಳುವುದೆಲ್ಲ ಈ ರಸೀದಿಗೆ ಬೇರೆಡೆ ಸಹಿ ಬೀಳದ ಹಾಗೆ ನೋಡಿಕೊಳ್ಳುವ ಬಗೆ.

ಮೊದಲ ವಾರ: ಬರೆದಿಡುವುದು ಮಾತ್ರ

ಒಂದೇ ಒಂದು ಸೇವೆ ಆರಿಸಿಕೊಳ್ಳಿ. ಸಂಡೇ ಸ್ಕೂಲ್ ಪಾಠವಾಗಲಿ, ಹಾಡಿನ ತಂಡವಾಗಲಿ, ರೋಗಿಗಳ ಭೇಟಿಯಾಗಲಿ, ಕುರ್ಚಿ ಜೋಡಿಸುವುದಾಗಲಿ, ಒಂದು ಸಾಕು. ಎಲ್ಲವನ್ನೂ ಒಟ್ಟಿಗೆ ಪರೀಕ್ಷಿಸಲು ಹೊರಟವರು ಮೂರನೆಯ ದಿನಕ್ಕೇ ಬಿಟ್ಟುಬಿಡುತ್ತಾರೆ.

ಆ ಕೆಲಸ ಮುಗಿದ ದಿನ ಮಲಗುವ ಮುಂಚೆ ಎರಡು ಸಾಲು ಬರೆಯಿರಿ: ಏನು ಮಾಡಿದೆ, ಮಾಡುವಾಗ ಮನಸ್ಸು ಎತ್ತ ನೋಡುತ್ತಿತ್ತು. ಪಕ್ಕದಲ್ಲಿ ಒಂದು ಗುರುತು ಹಾಕಿ. ಜಾನ್ ಕ್ಯಾಸಿಯನ್‌ನಂಥ ಹಳೆಯ ಮಠವಾಸಿ ಗುರುಗಳು ಸೇವೆ ಮಾಡುವವರನ್ನು ಮೂರು ಬಗೆಯಾಗಿ ನೋಡುತ್ತಿದ್ದರು: ಶಿಕ್ಷೆಗೆ ಹೆದರಿ ದುಡಿಯುವ ದಾಸ, ಸಂಬಳಕ್ಕಾಗಿ ದುಡಿಯುವ ಕೂಲಿಯಾಳು, ತಂದೆಯ ಮೇಲಿನ ಪ್ರೀತಿಯಿಂದ ದುಡಿಯುವ ಮಗ. ಅದನ್ನೇ ಗುರುತು ಮಾಡಿಕೊಳ್ಳಬಹುದು. ಹೆದರಿಕೆಗೆ "ದಾ", ಕೂಲಿಗೆ "ಕೂ", ಪ್ರೀತಿಗೆ "ಮ". ಒಂದೇ ದಿನಕ್ಕೆ ಎರಡು ಗುರುತು ಬಿದ್ದರೂ ಅಡ್ಡಿಯಿಲ್ಲ. ಸಾಮಾನ್ಯವಾಗಿ ಬೀಳುವುದೂ ಹಾಗೆಯೇ.

ಒಂದು ಸಾಲು ಹೇಗಿರಬೇಕು ಎಂಬುದಕ್ಕೆ ಮಾದರಿ: "ಆರಾಧನೆಯ ನಂತರ ಕುರ್ಚಿ ಮಡಚಿ ಜೋಡಿಸಿದೆ. ಪಾಸ್ಟರ್ ಬಾಗಿಲ ಬಳಿ ಇರುವವರೆಗೆ ಎರಡೆರಡು ಹೊತ್ತೆ. ಅವರ ಕಾರು ಹೊರಟ ಮೇಲೆ ಒಂದೊಂದಾಗಿ, ಕಾಲೆಳೆಯುತ್ತ. ಕೂ." ಇಷ್ಟು ನಿಖರವಾಗಿರಲಿ. "ನನ್ನಲ್ಲಿ ಅಹಂಕಾರವಿದೆ" ಎಂದು ಬರೆದರೆ ಪ್ರಯೋಜನವಿಲ್ಲ. ಅಂಥ ಮಾತು ಪಶ್ಚಾತ್ತಾಪದ ವೇಷ ಹಾಕಿ ವಿಷಯವನ್ನು ಮುಚ್ಚಿಹಾಕುತ್ತದೆ. ಕೈ ಯಾವಾಗ ನಿಧಾನವಾಯಿತು, ಕಣ್ಣು ಯಾರನ್ನು ಹುಡುಕಿತು ಎಂದು ಬರೆದರೆ ಉದ್ದೇಶ ತಾನಾಗಿ ಕಾಣಿಸುತ್ತದೆ.

ಈ ವಾರ ಏನನ್ನೂ ತಿದ್ದಲು ಹೋಗಬೇಡಿ.

ಎರಡನೆಯ ವಾರ: ಮೂರು ಕೆಲಸ, ಬಾಗಿಲು ಮುಚ್ಚಿ

ಮತ್ತಾಯ 6ರ ಮೂರನ್ನೂ ಈ ವಾರ ಒಂದೊಂದು ಸಲ, ಯಾರಿಗೂ ತಿಳಿಯದಂತೆ ಮಾಡಬೇಕು.

ದಾನದ ಮೊತ್ತವನ್ನು ಮನೆಯಲ್ಲೇ, ಮೊದಲೇ ನಿಶ್ಚಯಿಸಿ. "ಪ್ರತಿಯೊಬ್ಬನು ತನ್ನ ಹೃದಯದಲ್ಲಿ ನಿರ್ಣಯಿಸಿಕೊಂಡಂತೆ" ಎಂದು ಅಪೊಸ್ತಲ ಪೌಲ ಹೇಳಿದ್ದೂ (2 ಕೊರಿಂಥ 9:7) ಇದಕ್ಕೇ. ಪಕ್ಕದವನು ಎಷ್ಟು ಹಾಕಿದ ಎಂದು ನೋಡಿ ಏರಿಸುವುದು, ವೇದಿಕೆಯ ಮೇಲಿನ ಕರೆಗೆ ಉಬ್ಬಿ ದುಪ್ಪಟ್ಟು ಮಾಡುವುದು, ಎರಡೂ ಬೇರೆಯವರಿಗಾಗಿ ಕೊಟ್ಟಿದ್ದು. ಹೆಸರಿಲ್ಲದ ಲಕೋಟೆ ಒಳ್ಳೆಯದು. ಆದರೆ ಲೆಕ್ಕಪತ್ರಕ್ಕೆ ಹೆಸರು ಬೇಕಾದ ಕಡೆ ಕೊಡಲು ಹಿಂಜರಿಯಬೇಡಿ. ಖಜಾಂಚಿಗೆ ತಿಳಿದರೆ ಗುಟ್ಟು ರಟ್ಟಾಗುವುದಿಲ್ಲ, ಮೈಕಿಗೆ ತಿಳಿದರೆ ಆಗುತ್ತದೆ. ಹಣ ಎಣಿಸುವಾಗ ಇಬ್ಬರಿರಲೇಬೇಕು ಎಂಬ ನಿಯಮವನ್ನು ಗುಟ್ಟಿನ ಹೆಸರಿನಲ್ಲಿ ಯಾರೂ ಸಡಿಲಿಸಬಾರದು.

ಪ್ರಾರ್ಥನೆಗೆ ಒಂದೇ ಅಳತೆ: ಸಭೆಯಲ್ಲಿ ಬಾಯಿಬಿಟ್ಟು ಪ್ರಾರ್ಥಿಸುವುದಕ್ಕಿಂತ ಒಂಟಿಯಾಗಿ ಪ್ರಾರ್ಥಿಸುವ ಹೊತ್ತು ಹೆಚ್ಚಾಗಿರಲಿ. ಸಭೆಯಲ್ಲಿ ಹತ್ತು ನಿಮಿಷ ನಿರರ್ಗಳವಾಗಿ ಪ್ರಾರ್ಥಿಸುವವರಿಗೆ ಕೋಣೆಯಲ್ಲಿ ಎರಡು ನಿಮಿಷಕ್ಕೆ ಮಾತು ಮುಗಿದರೆ, ಉಳಿದ ಎಂಟು ನಿಮಿಷ ಯಾರಿಗಾಗಿ ಎಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕಾಗುತ್ತದೆ.

ಉಪವಾಸ ಒಂದು ಹೊತ್ತಿನದಾದರೆ ಸಾಕು. ತಲೆಗೆ ಎಣ್ಣೆ ಹಚ್ಚಿಕೊಂಡು ಮುಖ ತೊಳೆದುಕೊಳ್ಳಿ ಎಂದು ಯೇಸು ಹೇಳಿದ್ದರ ತಾತ್ಪರ್ಯ, ದಿನವೂ ಇರುವ ಹಾಗೇ ಇರಿ ಎಂದು. ಊಟಕ್ಕೆ ಕರೆದರೆ ಸುಳ್ಳು ಹೇಳಬೇಡಿ, "ಈಗ ಬೇಡ" ಎಂದರಾಯಿತು. ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು, ಹಾಲುಣಿಸುವವರು, ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳುವವರು ಊಟ ಬಿಡುವುದು ಬೇಡ. ಅದರ ಬದಲು ಒಂದು ದಿನ ಮೊಬೈಲಿನ ಸಾಮಾಜಿಕ ಜಾಲತಾಣಗಳನ್ನು ಬಿಡಬಹುದು. ಕೆಲವರಿಗೆ ಊಟ ಬಿಡುವುದಕ್ಕಿಂತ ಇದೇ ಕಷ್ಟ.

ಬೆಟ್ಟದ ಪ್ರಸಂಗದಲ್ಲೇ ಇನ್ನೊಂದು ಮಾತು ಇದೆಯಲ್ಲ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ: ಜನರು ನಿಮ್ಮ ಒಳ್ಳೆಯ ಕ್ರಿಯೆಗಳನ್ನು ನೋಡುವಂತೆ ನಿಮ್ಮ ಬೆಳಕು ಪ್ರಕಾಶಿಸಲಿ (5:16). ಎರಡಕ್ಕೂ ವಿರೋಧವಿಲ್ಲ. ಅಲ್ಲಿ ನೋಡಿದವರು ತಂದೆಯನ್ನು ಕೊಂಡಾಡುತ್ತಾರೆ, ಇಲ್ಲಿ ಮಾಡಿದವನನ್ನು ಕೊಂಡಾಡುತ್ತಾರೆ. ಕ್ರಿಯೆ ಕಣ್ಣಿಗೆ ಬಿದ್ದರೆ ತಪ್ಪಲ್ಲ, ಬೀಳಲಿ ಎಂದೇ ಮಾಡುವುದು ತಪ್ಪು. ನೆರವು ಹಂಚುವಾಗಿನ ಫೋಟೋ ಇದಕ್ಕೆ ಒಳ್ಳೆಯ ಪರೀಕ್ಷೆ. ದಾನಿಗಳಿಗೆ ಲೆಕ್ಕ ತೋರಿಸಲು ಫೋಟೋ ಬೇಕೆಂದರೆ ಸಾಮಾನಿನ ಚೀಲಗಳದ್ದು, ಬಿಲ್ಲಿನದ್ದು ತೆಗೆದರೆ ಸಾಕು. ಪಡೆಯುವವರ ಮುಖ, ಕೊಡುವವರ ನಗು ಆ ಚಿತ್ರದಲ್ಲಿ ಇರಲೇಬೇಕು ಎನಿಸಿದರೆ ಕಾರಣ ಲೆಕ್ಕವಲ್ಲ.

ಮೂರನೆಯ ವಾರ: ದೇವರೊಂದಿಗೆ ಚೌಕಾಸಿ

ಜನರ ಹೊಗಳಿಕೆ ಬಿಟ್ಟವರು ಸಿಕ್ಕಿಬೀಳುವ ಬಲೆ ಇದು: ನಾನು ಇಷ್ಟು ಮಾಡಿದೆ, ದೇವರು ಅಷ್ಟು ಕೊಡಬೇಕು. ದಶಮಾಂಶ ಕೊಟ್ಟರೆ ವ್ಯಾಪಾರ ದುಪ್ಪಟ್ಟು, ಇಪ್ಪತ್ತೊಂದು ದಿನ ಉಪವಾಸ ಮಾಡಿದರೆ ವೀಸಾ. ಇಂಥ ಬೋಧನೆಗೆ ಜನ ಸೇರುತ್ತಾರೆ. ಹಿಂದೆಯೂ ಸೇರಿದ್ದರು. ಯೇಸು ಅದ್ಭುತವಾಗಿ ಹೆಚ್ಚಿಸಿ ಹಂಚಿದ ಐದು ರೊಟ್ಟಿ ತಿಂದವರು ಮರುದಿನ ಸರೋವರ ದಾಟಿ ಹುಡುಕಿಕೊಂಡು ಬಂದಾಗ, ನೀವು ಹುಡುಕುವುದು ರೊಟ್ಟಿ ತಿಂದು ತೃಪ್ತರಾದದ್ದಕ್ಕೆ ಎಂದು ಯೇಸು ಮುಖಕ್ಕೇ ಹೇಳಿದ (ಯೋಹಾನ 6:26). ದೇವರೇ ಮೆಚ್ಚಿದ ಯೋಬನೆಂಬ ನೀತಿವಂತನ ಮೇಲೆ ಸೈತಾನನು ಹೊರಿಸಿದ ಆರೋಪವೂ ಇದೇ: ಲಾಭವಿಲ್ಲದೆ ಇವನು ದೇವರಿಗೆ ಭಯಪಡುತ್ತಾನೆಯೇ? ನಲವತ್ತೆರಡು ಅಧ್ಯಾಯಗಳ ಆ ಪುಸ್ತಕ ಶುರುವಾಗುವುದೇ ಈ ಪ್ರಶ್ನೆಯಿಂದ.

ಇದಕ್ಕೆ ಹೊಂದುವ ಪಾಠ 2 ಅರಸುಗಳು 5ನೆಯ ಅಧ್ಯಾಯದಲ್ಲಿದೆ. ಅರಾಮ್ ದೇಶದ ಸೇನಾಪತಿ ನಾಮಾನನು ಕುಷ್ಠ ವಾಸಿಮಾಡಿಸಿಕೊಳ್ಳಲು ಬಂದಾಗ ಹತ್ತು ತಲಾಂತು (ಆಗಿನ ಒಂದು ದೊಡ್ಡ ತೂಕ) ಬೆಳ್ಳಿ, ಆರು ಸಾವಿರ ಶೆಕೆಲ್ ಚಿನ್ನ, ಹತ್ತು ಜೊತೆ ಬಟ್ಟೆ ಹೊತ್ತು ತಂದಿದ್ದ. ಕುಷ್ಠ ವಾಸಿಯಾದ ಮೇಲೆ, ವಾಸಿಯಾಗುವ ದಾರಿ ಹೇಳಿದ್ದ ಪ್ರವಾದಿ ಎಲೀಷನು ಅದರಲ್ಲಿ ಏನನ್ನೂ ಮುಟ್ಟಲಿಲ್ಲ. ಎಲೀಷನ ಸೇವಕ ಗೇಹಜಿ ನಾಮಾನನ ಹಿಂದೆ ಓಡಿ, ಇಬ್ಬರು ಯೌವನಸ್ಥ ಪ್ರವಾದಿಗಳು ಬಂದಿದ್ದಾರೆಂದು ಸುಳ್ಳು ಹೇಳಿ, ಒಂದು ತಲಾಂತು ಬೆಳ್ಳಿ, ಎರಡು ಜೊತೆ ಬಟ್ಟೆ ಕೇಳಿದ. ಎರಡು ತಲಾಂತು ಸಿಕ್ಕಿತು, ಹೊರಲು ಇಬ್ಬರು ಆಳು ಬೇಕಾದರು. ಗಮನಿಸಬೇಕಾದ್ದು, ಗೇಹಜಿ ತನಗಾಗಿ ಕೇಳಿದೆ ಎನ್ನಲಿಲ್ಲ, ಸೇವೆಯ ಹೆಸರಿನಲ್ಲೇ ಕೇಳಿದ. ಹಣದಾಸೆ ಸಭೆಯೊಳಗೆ ಬರುವುದು ಈ ಬಾಗಿಲಿನಿಂದಲೇ.

ಈ ವಾರದ ಅಭ್ಯಾಸ ಸರಳ. ನಿಮ್ಮ ಪ್ರಾರ್ಥನೆಯನ್ನು ಒಂದು ದಿನ ಇದ್ದದ್ದು ಇದ್ದ ಹಾಗೇ ಬರೆಯಿರಿ. "ಆದ್ದರಿಂದ", "ಇಷ್ಟು ಮಾಡಿದ್ದೇನಲ್ಲ", "ಮಾಡಿದರೆ" ಎಂಬ ಪದಗಳ ಕೆಳಗೆ ಗೆರೆ ಎಳೆಯಿರಿ. "ಕರ್ತನೇ, ಎರಡು ವರ್ಷದಿಂದ ಸೇವೆ ಮಾಡುತ್ತಿದ್ದೇನೆ, ಈ ಕೆಲಸ ದಯಪಾಲಿಸು" ಎಂಬುದನ್ನು ಎರಡಾಗಿ ಕತ್ತರಿಸಿ: "ಈ ಕೆಲಸ ದಯಪಾಲಿಸು" ಎಂಬುದು ಒಂದು ಪ್ರಾರ್ಥನೆ, ಸೇವೆ ಬೇರೆ. ಕೇಳಿಕೊಳ್ಳುವುದನ್ನು ಬಿಡಬೇಡಿ. ಅನುದಿನದ ಆಹಾರವನ್ನು ಕೇಳಲು ಕಲಿಸಿದ್ದೂ ಯೇಸುವೇ. ಮಗ ತಂದೆಯನ್ನು ಕೇಳುವಾಗ ಬಿಲ್ ಜೋಡಿಸುವುದಿಲ್ಲ, ಅಷ್ಟೇ ವ್ಯತ್ಯಾಸ.

ಇಲ್ಲಿ ಒಂದು ಎಚ್ಚರಿಕೆ, ಸಭೆಯ ಕಮಿಟಿಯವರಿಗೆ. "ಪರಲೋಕದಲ್ಲಿ ಪ್ರತಿಫಲ ಸಿಗುತ್ತದೆ" ಎಂಬ ಮಾತನ್ನು ಸಂಬಳ ಕೊಡದಿರಲು ನೆಪ ಮಾಡಿಕೊಳ್ಳಬಾರದು. ಆಳು ತನ್ನ ಕೂಲಿಗೆ ಯೋಗ್ಯನು ಎಂದು ಯೇಸು ಹೇಳಿದ್ದಾನೆ (ಲೂಕ 10:7). ಸುವಾರ್ತೆ ಸಾರುವವರು ಅದರಿಂದಲೇ ಜೀವನ ಮಾಡಬೇಕು ಎಂದು ಪೌಲ ವಾದಿಸಿದ (1 ಕೊರಿಂಥ 9:14). ಡೇರೆ ಹೊಲಿದು ದುಡಿದು ಆ ಹಕ್ಕನ್ನು ಬಿಟ್ಟುಕೊಟ್ಟವನು ಅವನೇ, ಬೇರೆ ಯಾರೋ ಅವನಿಂದ ಬಿಡಿಸಿದ್ದಲ್ಲ. ಪಾಸ್ಟರಿಗೆ, ಕಾವಲಿನವರಿಗೆ, ಗುಡಿಸುವವರಿಗೆ ಸಂಬಳ ಇಷ್ಟು ಎಂದು ಬರೆದಿಟ್ಟು, ಹೇಳಿದ ದಿನ ಕೊಡಿ. ಸಂಬಳ ಪಡೆದು ದುಡಿಯುವವನು ಕೂಲಿಯಾಳೇ ಆಗಬೇಕೆಂದಿಲ್ಲ. ಸಂಬಳವಿಲ್ಲದೆ ದುಡಿಯುವವನಲ್ಲೂ ಕೂಲಿಯಾಳು ಅಡಗಿರಬಹುದು.

ನಾಲ್ಕನೆಯ ವಾರ: ತಿರುಗಿ ಕೊಡಲಾರದವರು

ಲೂಕ 14:12–14ರ ಮಾತನ್ನು ಅಕ್ಷರಶಃ ಒಮ್ಮೆ ಮಾಡಿ ನೋಡಿ: ತಿರುಗಿ ಕರೆಯಲಾಗದ ಒಬ್ಬರನ್ನು ಊಟಕ್ಕೆ ಕರೆಯಿರಿ. ನಿಮ್ಮ ಕೆಲಸಕ್ಕೆ ಬಾರದವರು, ನಿಮ್ಮ ಮಗನಿಗೆ ಶಿಫಾರಸು ಮಾಡಲಾರದವರು, ಸಭೆಯಲ್ಲಿ ಇದನ್ನು ಹೇಳಿಕೊಂಡು ತಿರುಗದವರು ಆಗಿರಲಿ. ಬಂದವರು ಊಟದ ರುಚಿಯನ್ನೂ ಹೊಗಳದೆ ಎದ್ದುಹೋಗಬಹುದು. ಆ ಸಂಜೆ ಪಾತ್ರೆ ತೊಳೆಯುವಾಗ ಮನಸ್ಸಿನಲ್ಲಿ ಏನಿತ್ತು ಎಂದು ಬರೆದಿಡಿ.

ಇದೇ ವಾರ ನಿಮ್ಮ ಸೇವೆಯನ್ನು ಒಂದು ಸಲ ಇನ್ನೊಬ್ಬರಿಗೆ ಬಿಟ್ಟುಕೊಡಿ. ಅವರು ನಿಮಗಿಂತ ಚೆನ್ನಾಗಿ ಮಾಡಿಬಿಟ್ಟರೆ? ಯೇಸು ಹೇಳಿದ ದ್ರಾಕ್ಷೆತೋಟದ ಸಾಮ್ಯ, ಅಂದರೆ ದೃಷ್ಟಾಂತ ಕತೆ (ಮತ್ತಾಯ 20), ಅದಕ್ಕೇ ಇದೆ. ಯಜಮಾನ ಬೆಳಗಿನಿಂದ ಸಂಜೆಯವರೆಗೆ ಐದು ಸಲ ಆಳು ಕರೆದ, ಕೊನೆಯವರು ದುಡಿದದ್ದು ಒಂದೇ ತಾಸು, ಎಲ್ಲರಿಗೂ ಸಿಕ್ಕಿದ್ದು ಒಂದೊಂದು ದಿನಾರಿ, ಅಂದರೆ ಒಂದು ದಿನದ ಕೂಲಿಯ ನಾಣ್ಯ. ಬೆಳಗಿನವರಿಗೆ ಮಾತು ತಪ್ಪಲಿಲ್ಲ. ಅವರ ಹೊಟ್ಟೆಕಿಚ್ಚಿಗೆ ಕಾರಣ ಪಕ್ಕದವನ ಕೈಯಲ್ಲಿದ್ದ ನಾಣ್ಯ. ಯೇಸು ಈ ಕತೆ ಹೇಳಿದ್ದು, ನಾವು ಎಲ್ಲವನ್ನೂ ಬಿಟ್ಟು ಬಂದೆವಲ್ಲ, ನಮಗೆ ಏನು ದೊರಕುತ್ತದೆ ಎಂದು ಪೇತ್ರನು ಕೇಳಿದ ಬೆನ್ನಿಗೇ.

ಹಾಗಾದರೆ ದೇವರು ಕೊಡುವುದಾದರೂ ಏನು? ಅಬ್ರಹಾಮನಿಗೆ ಬಂದ ಮಾತಿನಲ್ಲಿ (ಆದಿಕಾಂಡ 15:1) ದೇವರು ತಾನೇ ಅವನಿಗೆ ಗುರಾಣಿ, ತಾನೇ ಬಹುಮಾನ ಎಂದು ಹೇಳಿಕೊಂಡ. ಯಜಮಾನ ಊರು ಬಿಡುವಾಗ ಆಳುಗಳಿಗೆ ಹಣ ಒಪ್ಪಿಸಿಹೋದ ತಲಾಂತುಗಳ ಸಾಮ್ಯದಲ್ಲಿ ನಂಬಿಗಸ್ತ ಆಳಿಗೆ ಸಿಕ್ಕಿದ್ದು ಯಜಮಾನನ ಸಂತೋಷದಲ್ಲಿ ಪಾಲು, ಮತ್ತು ಇನ್ನಷ್ಟು ಕೆಲಸ. ವಿಶ್ರಾಂತಿಯ ಪ್ರಸ್ತಾಪವೇ ಅಲ್ಲಿಲ್ಲ. ಈ ಬಹುಮಾನ ರುಚಿಸುವುದು ಯಜಮಾನನನ್ನೇ ಇಷ್ಟಪಡುವವನಿಗೆ.

ಎಲ್ಲಿ ಕೆಡುತ್ತದೆ

ಬಹಳ ಜನ ಮಾಡುವ ತಪ್ಪು, ಉದ್ದೇಶ ಶುದ್ಧವಾಗುವವರೆಗೆ ಸೇವೆ ನಿಲ್ಲಿಸುವುದು. ಹಾಗೆ ಕಾದರೆ ಮಕ್ಕಳಿಗೆ ಪಾಠವೂ ಇಲ್ಲ, ರೋಗಿಗೆ ಭೇಟಿಯೂ ಇಲ್ಲ. ಹೊಟ್ಟೆಕಿಚ್ಚಿನಿಂದ ಕ್ರಿಸ್ತನನ್ನು ಸಾರುವವರೂ ಇದ್ದಾರೆಂದು ಗೊತ್ತಿದ್ದ ಪೌಲ, ಹೇಗಾದರೂ ಕ್ರಿಸ್ತನು ಸಾರಲ್ಪಡುತ್ತಾನೆ ಎಂದು ಸಂತೋಷಪಟ್ಟ (ಫಿಲಿಪ್ಪಿ 1:18). ಕೆಲಸ ನಡೆಯಲಿ, ಉದ್ದೇಶ ಅದರೊಳಗೇ ತೊಳೆಯಲ್ಪಡುತ್ತದೆ.

ಗುಟ್ಟಾಗಿ ಮಾಡಿದ್ದಕ್ಕೇ ಹೆಮ್ಮೆ ಬರುವುದು ಇನ್ನೊಂದು. ಕ್ಯಾಸಿಯನ್ ಇದನ್ನು ಈರುಳ್ಳಿಗೆ ಹೋಲಿಸಿದ: ಒಂದು ಸಿಪ್ಪೆ ಸುಲಿದರೆ ಕೆಳಗೆ ಇನ್ನೊಂದು. ಎಲ್ಲ ಸಿಪ್ಪೆ ಸುಲಿಯಲು ಕೂರಬೇಡಿ. ಕಂಡದ್ದನ್ನು ಒಂದು ವಾಕ್ಯದಲ್ಲಿ ದೇವರ ಮುಂದೆ ಹೇಳಿ ಮುಂದಿನ ಕೆಲಸಕ್ಕೆ ಏಳಿ. ದಿನಕ್ಕೆ ಐದು ನಿಮಿಷ ಎಂದು ಹೇಳಿದ್ದು ಇದೇ ಕಾರಣಕ್ಕೆ. ಅರ್ಧ ತಾಸು ಕುಳಿತರೆ ಗಮನ ಸೇವೆಯ ಮೇಲಿಂದ ಜಾರಿ ನಮ್ಮ ಮೇಲೇ ನಿಲ್ಲುತ್ತದೆ. ಪದೇ ಪದೇ ಅಪರಾಧಿ ಭಾವ ಕಾಡಿ ನಿದ್ದೆ ಕೆಡುತ್ತಿದ್ದರೆ ನೋಟ್‌ಬುಕ್ಕನ್ನು ಅಲ್ಲಿಗೇ ಬಿಟ್ಟು, ನಂಬಿಕೆಯ ಹಿರಿಯರೊಬ್ಬರ ಬಳಿ ಕುಳಿತು ಮಾತಾಡಿ.

ತಿಂಗಳುಗಟ್ಟಲೆ ಗುಟ್ಟಾಗಿಟ್ಟ ಕೆಲಸವನ್ನು ಒಂದು ದಿನ "ಸಾಕ್ಷಿ" ಎಂದು ಮೈಕಿನಲ್ಲಿ ಹೇಳಿಬಿಡುವವರೂ ಇದ್ದಾರೆ. ಬೆಳಗಿನಿಂದ ಕೂಡಿಟ್ಟ ಕೂಲಿಯನ್ನು ಸಂಜೆ ಒಂದೇ ಏಟಿಗೆ ಪಡೆದಂತಾಯಿತು. ಸಾಕ್ಷಿ ಹೇಳುವುದಾದರೆ "ನಾನು" ಎಂಬ ಪದ ಎಷ್ಟು ಸಲ ಬಂತು ಎಂದು ಮೊದಲು ಎಣಿಸಿ.

ನಾಲ್ಕು ವಾರ ಮುಗಿದ ದಿನ ನೋಟ್‌ಬುಕ್ಕನ್ನು ಒಮ್ಮೆ ಓದಿ. "ಕೂ" ಎಲ್ಲಿ ಹೆಚ್ಚು ಬಿದ್ದಿದೆ, ಯಾವ ಜನರ ಎದುರು, ಯಾವ ಹೊತ್ತಿನಲ್ಲಿ ಎಂದು ನೆನಪಿಟ್ಟುಕೊಳ್ಳಿ. ಆಮೇಲೆ ಆ ಹಾಳೆಗಳನ್ನು ಹರಿದು ಹಾಕಿ. ಇಟ್ಟುಕೊಂಡರೆ ಮುಂದಿನ ವರ್ಷ "ಆಗ ಎಷ್ಟಿದ್ದೆ, ಈಗ ಎಷ್ಟು ಬೆಳೆದೆ" ಎಂದು ಯಾರಿಗಾದರೂ ತೋರಿಸಬೇಕೆನಿಸುತ್ತದೆ.