ಹೊರದೇಶದ ಯೋಜನೆ ನೋಡಲು ಹೊರಟ ಕ್ಲಬ್ ಅಧ್ಯಕ್ಷರಿಗೆ: ಕೀನ್ಯಾದ ಮರಳು ಕಟ್ಟಗಳ ಕಡೆಯಿಂದ ಒಂದಿಷ್ಟು

ರೋಟರಿಯ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಅಧ್ಯಕ್ಷರ ಕೈಯಲ್ಲಿರುವ ಕಾಲ ಅಷ್ಟೇ. ಹೊರದೇಶದ ಯೋಜನೆ ನೋಡುವ ಮನಸ್ಸಿದ್ದರೆ ಪದಗ್ರಹಣಕ್ಕೆ ಮೊದಲೇ ದಿನ ಗೊತ್ತು ಮಾಡಿಕೊಳ್ಳಿ. ನಾನು ಕುಂದಾಪುರ ಕಡೆಯವಳು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಕ್ಲಬ್ಬಿನ ಅಧ್ಯಕ್ಷೆಯಾಗಿದ್ದಾಗ ಕೀನ್ಯಾದ ಮಚಾಕೋಸ್, ಮಕುಯೇನಿ ಭಾಗದ ಮರಳು ಕಟ್ಟಗಳನ್ನು, ಅಂದರೆ ಮರಳಿನೊಳಗೆ ನೀರು ಹಿಡಿದಿಡುವ ಒಡ್ಡುಗಳನ್ನು, ನೋಡಲು ಒಂದು ಸಣ್ಣ ತಂಡ ಕಟ್ಟಿಕೊಂಡು ಹೋಗಿದ್ದೆ. ಈಗ ಬೇರೆ ಕ್ಲಬ್ಬಿನವರು ಹೊರಡುವಾಗ ಫೋನ್ ಮಾಡುತ್ತಾರೆ. ವೀಸಾ ಹೇಗೆ, ಊಟ ಹೇಗೆ, ಉಡುಗೊರೆ ಏನು ಒಯ್ಯಬೇಕು ಎಂದು ಕೇಳುತ್ತಾರೆ. ಅದನ್ನೆಲ್ಲ ಮುಂದೆ ಬರೆದಿದ್ದೇನೆ. ಅದಕ್ಕೆ ಮೊದಲು ಒಂದು ಮಾತು: ಉದ್ಘಾಟನೆಗೆಂದು ಹೋಗಬೇಡಿ. ಐದಾರು ವರ್ಷ ಹಳೆಯದಾದ ಯೋಜನೆಯನ್ನು, ಒಣಗಾಲದ ಕೊನೆಯಲ್ಲಿ ಹೋಗಿ ನೋಡಿ.

ಹಳೆಯದೇ ಯಾಕೆ, ಒಣಗಾಲದಲ್ಲೇ ಯಾಕೆ

ಮಚಾಕೋಸ್, ಮಕುಯೇನಿ, ಕಿಟುಯಿ ಅಕಾಂಬಾ ಜನರ ಸೀಮೆ. ಹೆಚ್ಚಿನ ಭಾಗ ಅರೆ ಒಣಭೂಮಿ. ಮಳೆ ವರ್ಷಕ್ಕೆ ಎರಡು ಸಲ ಬರುತ್ತದೆ, ಮಾರ್ಚ್‌ನಿಂದ ಮೇವರೆಗೆ ದೊಡ್ಡದು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಸಣ್ಣದು. ಮಳೆ ಬಂದಾಗ ಹೊಳೆಗಳು ನುಗ್ಗಿ ಹರಿಯುತ್ತವೆ, ಆಮೇಲೆ ತಿಂಗಳುಗಟ್ಟಲೆ ಬರೀ ಮರಳು. ಅಂಥ ಹೊಳೆಗೆ ಅಡ್ಡಲಾಗಿ, ಬುಡ ಬಂಡೆಗೆ ಕೂರುವಂತೆ, ಕಲ್ಲು ಸಿಮೆಂಟಿನ ಗೋಡೆ ಕಟ್ಟುತ್ತಾರೆ. ನೆರೆ ತಂದ ಒರಟು ಮರಳು ಗೋಡೆಯ ಹಿಂದೆ ಕೂರುತ್ತದೆ. ನಯ ಮಣ್ಣು ನೀರಿನ ಜೊತೆ ಗೋಡೆ ದಾಟಿ ಹೋಗುತ್ತದೆ. ಕೆಲವು ಕಡೆ ಒಂದೇ ಮಳೆಗಾಲಕ್ಕೆ, ಕೆಲವು ಕಡೆ ಮೂರು ನಾಲ್ಕು ಮಳೆಗಾಲಕ್ಕೆ ಮರಳು ಗೋಡೆಯ ಮಟ್ಟಕ್ಕೆ ಬರುತ್ತದೆ. ಆ ಮರಳಿನ ಗಾತ್ರದಲ್ಲಿ ಶೇ. 40ರವರೆಗೂ ನೀರು ನಿಲ್ಲಬಲ್ಲದು. ನೀರು ಒಳಗಿರುವುದರಿಂದ ಬಿಸಿಲಿಗೆ ಆರುವುದು ಕಡಿಮೆ, ಸೊಳ್ಳೆಗೆ ಮೊಟ್ಟೆ ಇಡಲು ಜಾಗವಿಲ್ಲ, ಮರಳೇ ತಕ್ಕಮಟ್ಟಿಗೆ ಸೋಸಿಯೂ ಕೊಡುತ್ತದೆ.

ಹೊಸದಾಗಿ ಕಟ್ಟಿದ ದಿನ ಇದು ಖಾಲಿ ಗೋಡೆ. ಫೋಟೊದಲ್ಲಿ ಚೆಂದ ಕಾಣುತ್ತದೆ, ಬೋರ್ಡಿನಲ್ಲಿ ನಮ್ಮ ಕ್ಲಬ್ಬಿನ ಹೆಸರೂ ಇರುತ್ತದೆ. ಅದರಿಂದ ನೀರು ಸಿಕ್ಕಿತೇ ಎಂದು ಆ ದಿನ ಯಾರೂ ಹೇಳಲಾರರು. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಿಂಡಿ ಅಣೆಕಟ್ಟು ಕಟ್ಟಿಸುವುದು ಒಂದು ಕೆಲಸವಾದರೆ, ಮಳೆ ಮುಗಿದೊಡನೆ ಪ್ರತಿವರ್ಷ ಹಲಗೆ ಹಾಕಿ, ನಡುವೆ ಮಣ್ಣು ತುಂಬಿ, ಮುಂಗಾರಿಗೆ ಮೊದಲು ಮತ್ತೆ ತೆಗೆಯುವುದು ಇನ್ನೊಂದು ಕೆಲಸ. ಹಲಗೆ ಹಾಕುವವರಿಲ್ಲದೆ ಸುಮ್ಮನೆ ನಿಂತ ಅಣೆಕಟ್ಟುಗಳನ್ನು ನಾವೆಲ್ಲ ನೋಡಿದ್ದೇವೆ. ಆ ಕಣ್ಣನ್ನೇ ಜೊತೆಗೆ ಒಯ್ಯಿರಿ.

ತಿಂಗಳು ಯಾವುದು ಎಂದರೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ. ಆಗ ಒಣಗಾಲದ ಕೊನೆ, ಮರಳಿನಲ್ಲಿ ನೀರು ಉಳಿದಿದ್ದರೆ ಕಟ್ಟ ಗೆದ್ದಿದೆ ಎಂದು ಅರ್ಥ. ಶಾಲೆಗಳೂ ತೆರೆದಿರುತ್ತವೆ. ಅಲ್ಲಿ ಏಪ್ರಿಲ್, ಆಗಸ್ಟ್ ಮತ್ತು ನವೆಂಬರ್-ಡಿಸೆಂಬರ್‌ನಲ್ಲಿ ರಜೆ. ನಮ್ಮವರು ಅನುಕೂಲ ನೋಡಿ ಕ್ರಿಸ್‌ಮಸ್ ರಜೆಗೆ ಹೋಗುತ್ತಾರೆ, ಶಾಲೆಯ ಶೌಚಾಲಯ ಯೋಜನೆ ನೋಡಲು ಹೋಗಿ ಬೀಗ ನೋಡಿ ಬರುತ್ತಾರೆ. ದಸರಾ ಅಡ್ಡ ಬಂದರೆ ಒಂದು ವಾರ ಹಿಂದಕ್ಕೆ ತನ್ನಿ, ಮುಂದಕ್ಕೆ ಹಾಕಬೇಡಿ. ಸಣ್ಣ ಮಳೆ ಹಿಡಿದರೆ ಕಚ್ಚಾ ರಸ್ತೆಯಲ್ಲಿ ವ್ಯಾನ್ ಹೂತುಕೊಳ್ಳುತ್ತದೆ.

ಕಾಗದ, ಲಸಿಕೆ, ದುಡ್ಡು

2024ರ ಜನವರಿಯಿಂದ ಕೀನ್ಯಾಕ್ಕೆ ವೀಸಾ ಇಲ್ಲ, ಅದರ ಬದಲು ಇ-ಟಿಎ ಎಂಬ ಆನ್‌ಲೈನ್ ಅನುಮತಿ ಇದೆ. ಒಂದೆರಡು ವಾರ ಮುಂಚೆಯೇ ಅರ್ಜಿ ಹಾಕಿ. ಪ್ರತಿಯೊಬ್ಬರದೂ ಬೇರೆ ಬೇರೆ. ಮುಂಬೈಯಿಂದ ನೈರೋಬಿಗೆ ನೇರ ವಿಮಾನವಿದೆ, ಸುಮಾರು ಆರು ಗಂಟೆಯ ಹಾದಿ. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ.

ಹಳದಿ ಜ್ವರದ ಲಸಿಕೆಯನ್ನು ಮಾತ್ರ ಮರೆಯಬೇಡಿ. ಸರ್ಕಾರದ ಮಾನ್ಯತೆ ಪಡೆದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ಅಲ್ಲಿ ಕೊಡುವ ಪ್ರಮಾಣಪತ್ರದ ಹಳದಿ ಪುಸ್ತಕಕ್ಕೆ ಬೆಲೆ ಹಾಕಿಸಿಕೊಂಡ ಹತ್ತು ದಿನದ ಮೇಲೆಯೇ. ಒಮ್ಮೆ ಹಾಕಿಸಿಕೊಂಡರೆ ಜೀವಮಾನಕ್ಕೆ ಸಾಕು. ಇಲ್ಲದಿದ್ದರೆ ತೊಂದರೆ ಆಗುವುದು ಭಾರತಕ್ಕೆ ಮರಳುವಾಗ: ಇಲ್ಲಿಯ ವಿಮಾನ ನಿಲ್ದಾಣದಿಂದಲೇ ಆರು ದಿನದವರೆಗೆ ಕ್ವಾರಂಟೈನ್. ಕೇಂದ್ರಗಳು ಕಡಿಮೆ, ಸಾಮಾನ್ಯವಾಗಿ ಮೊದಲೇ ದಿನ ಬರೆಸಬೇಕು. ಅರವತ್ತು ದಾಟಿದವರು ಮೊದಲು ತಮ್ಮ ಡಾಕ್ಟರನ್ನು ಕೇಳಿ, ಮಲೇರಿಯಾ ಮಾತ್ರೆಯ ವಿಷಯವನ್ನೂ ಆಗಲೇ ಕೇಳಿ.

ಪ್ಲಾಸ್ಟಿಕ್ ಕೈಚೀಲವನ್ನು ಕೀನ್ಯಾ 2017ರ ಆಗಸ್ಟ್ 28ರಿಂದ ನಿಷೇಧಿಸಿದೆ, ದಂಡ ಭಾರಿ. ಚಕ್ಕುಲಿ, ಚಟ್ನಿಪುಡಿ, ಅವಲಕ್ಕಿ ಒಯ್ಯುವವರು ಸ್ಟೀಲ್ ಡಬ್ಬಿಗೆ, ಬಟ್ಟೆ ಚೀಲಕ್ಕೆ ತುಂಬಿ.

ದುಡ್ಡಿನ ವಿಷಯದಲ್ಲಿ ನನ್ನ ನಿಲುವು ಗಟ್ಟಿ. ಪ್ರಯಾಣದ ಪ್ರತಿ ಪೈಸೆ ಹೋಗುವವರ ಕಿಸೆಯಿಂದಲೇ ಬರಬೇಕು, ಕ್ಲಬ್ಬಿನ ಸೇವಾ ನಿಧಿಯಿಂದ ಟಿಕೆಟ್ ತೆಗೆಯಬಾರದು. ದಾನಿಗಳಿಗೆ ತೆರಿಗೆ ರಿಯಾಯಿತಿಯ ರಸೀತಿ ಕೊಟ್ಟು ಇಲ್ಲಿ ಎತ್ತಿದ ಟ್ರಸ್ಟಿನ ಹಣವನ್ನು ಹೊರದೇಶದಲ್ಲಿ ಖರ್ಚು ಮಾಡಿದರೆ ತೆರಿಗೆ ವಿನಾಯಿತಿಗೆ ತೊಡಕಾಗುತ್ತದೆ. ಆಡಿಟರನ್ನು ಕೇಳದೆ ಅಲ್ಲಿ ಯಾರಿಗೂ ಮಾತು ಕೊಡಬೇಡಿ. ಸಹಾಯ ಮಾಡುವ ಆಸೆ ಇದ್ದರೆ ರೋಟರಿ ಫೌಂಡೇಶನ್ ಕೊಡುವ ಗ್ಲೋಬಲ್ ಗ್ರಾಂಟಿನ ದಾರಿ ಇದೆ. ಅದಕ್ಕೆ ಯೋಜನೆಯ ವೆಚ್ಚ ಕನಿಷ್ಠ 30,000 ಡಾಲರ್ ಇರಬೇಕು, ಆ ದೇಶದ ಒಂದು ಕ್ಲಬ್ಬು, ಹೊರದೇಶದ ಒಂದು ಕ್ಲಬ್ಬು ಜೊತೆ ಸೇರಬೇಕು, ಊರಿನವರ ಅಗತ್ಯ ಏನೆಂದು ಮೊದಲು ಕೇಳಿ ಬರೆದಿರಬೇಕು. ನಿಮ್ಮ ಭೇಟಿ ಈ ಕೊನೆಯ ಕೆಲಸಕ್ಕೆ ನಿಜವಾಗಿಯೂ ನೆರವಾಗುತ್ತದೆ.

ಯಾರು ಹೋಗಬೇಕು, ಎಷ್ಟು ಜನ

ಒಂದು ವ್ಯಾನಿನಲ್ಲಿ ಹಿಡಿಯುವಷ್ಟು. ಆರೇಳು ಜನಕ್ಕಿಂತ ಹೆಚ್ಚಾದರೆ ಊರಿನವರು ಶಾಮಿಯಾನ ಹಾಕಿ, ಕುರ್ಚಿ ತರಿಸಿ, ಆಡು ಕಡಿದು ಅಡುಗೆ ಮಾಡುತ್ತಾರೆ. ಒಂದು ದಿನದ ಕೂಲಿ ಬಿಟ್ಟು ಬಂದ ಜನ ನಮಗಾಗಿ ಹಾಡುತ್ತ ನಿಲ್ಲುವುದು ನನಗೆ ಸಹಿಸುವುದಿಲ್ಲ. ತಂಡದಲ್ಲಿ ಹಳ್ಳಿಯಲ್ಲಿ ಬೇಸಾಯ ಮಾಡುವ ಒಬ್ಬರು ಇರಲಿ. ನಮ್ಮೊಡನೆ ಬಂದ ಅಡಿಕೆ ಬೆಳೆಗಾರರೊಬ್ಬರು ಕಟ್ಟದ ಕೆಳಗಿನ ದಂಡೆಯ ಮಣ್ಣನ್ನು ಕೈಯಲ್ಲಿ ಹಿಸುಕಿ ನೋಡಿ, ಬುಡದಲ್ಲಿ ನೀರು ಸೋರುತ್ತಿದೆ ಎಂದು ಹೇಳಿದರು. ಎಂಜಿನಿಯರ್ ಆಗಲಿ ನಾನಾಗಲಿ ಅದನ್ನು ಗಮನಿಸಿರಲಿಲ್ಲ. ಹೆಂಗಸರು ಕನಿಷ್ಠ ಇಬ್ಬರು ಬೇಕು, ಯಾಕೆಂದರೆ ಅಲ್ಲಿ ನೀರು ಹೊರುವವರು ಹೆಂಗಸರು. ಡಾಕ್ಟರ್ ಇದ್ದರೆ ಬರಲಿ, ಆದರೆ ಅಲ್ಲಿ ತಪಾಸಣಾ ಶಿಬಿರ ಇಟ್ಟುಕೊಳ್ಳಬೇಡಿ. ಹೊರಗಿನ ವೈದ್ಯರು ಕೀನ್ಯಾದಲ್ಲಿ ರೋಗಿಗಳನ್ನು ನೋಡಲು ಅಲ್ಲಿಯ ವೈದ್ಯ ಮಂಡಳಿಯ ತಾತ್ಕಾಲಿಕ ಪರವಾನಗಿ ಬೇಕು.

ಮಸಾಯಿ ಮಾರಾ, ಆನೆ, ಸಿಂಹ ನೋಡುವ ಆಸೆ ಎಲ್ಲರಿಗೂ ಇರುತ್ತದೆ, ಇರಲಿ. ಅದನ್ನು ಕೊನೆಗೆ ಬೇರೆಯಾಗಿ ಇಟ್ಟುಕೊಳ್ಳಿ, ಆತಿಥೇಯ ಕ್ಲಬ್ಬಿನವರ ಮೇಲೆ ಹೊರಿಸಬೇಡಿ. ಅವರೂ ನಮ್ಮ ಹಾಗೆ ಅಂಗಡಿ, ಆಫೀಸು ಬಿಟ್ಟು ಬಂದವರು.

ಜಾಗದಲ್ಲಿ ನಿಂತಾಗ

ಒಂದು ದಿನಕ್ಕೆ ಒಂದೇ ಯೋಜನೆ. ನೈರೋಬಿಯಿಂದ ಮಚಾಕೋಸ್ ಪಟ್ಟಣ 65 ಕಿಲೋಮೀಟರ್ ಆಸುಪಾಸು, ಅಲ್ಲಿಂದ ಹಳ್ಳಿಗೆ ಇನ್ನೂ ಮಣ್ಣಿನ ರಸ್ತೆ. ಬೆಳಿಗ್ಗೆ ಬೇಗ ಹೊರಟು, ಸಭೆಗೆ ಮೊದಲು ಹೊಳೆಗೆ ಇಳಿಯಿರಿ. ಸಭೆ, ಭಾಷಣ, ಬ್ಯಾನರ್ ವಿನಿಮಯ ಎಲ್ಲ ಆಮೇಲೆ. ಮೊದಲು ಕೂತರೆ ಬಿಸಿಲು ಏರುತ್ತದೆ, ಹೊಳೆ ನೋಡುವುದು ಹತ್ತು ನಿಮಿಷಕ್ಕೆ ಇಳಿಯುತ್ತದೆ.

ಕಟ್ಟದ ಕೆಳಬದಿಯಲ್ಲಿ ನಡೆಯಿರಿ. ಗೋಡೆಯ ಬುಡದಲ್ಲಿ ಒಸರು ಇದೆಯೇ, ನೆರೆ ಬಿದ್ದ ಜಾಗದಲ್ಲಿ ಗುಂಡಿ ಕೊರೆದಿದೆಯೇ ನೋಡಿ. ಗೋಡೆಯ ಎರಡು ತುದಿ ದಂಡೆಯೊಳಗೆ ಎಷ್ಟು ಹೊಕ್ಕಿದೆ ಎಂಬುದು ಮುಖ್ಯ. ಅಲ್ಲಿ ಮಣ್ಣು ಕೊಚ್ಚಿಹೋದರೆ ಹೊಳೆ ಗೋಡೆಯನ್ನು ಬಳಸಿಕೊಂಡು ಹರಿಯುತ್ತದೆ, ಕಟ್ಟ ಕಟ್ಟಿದ್ದೂ ವ್ಯರ್ಥ. ದಂಡೆಗೆ ನೇಪಿಯರ್ ಹುಲ್ಲು ನೆಟ್ಟಿದ್ದರೆ ಯಾರೋ ಕಾಳಜಿ ಮಾಡುತ್ತಿದ್ದಾರೆ ಎಂದು ತಿಳಿಯಿರಿ. ಮೇಲಿನ ಗುಡ್ಡವನ್ನೂ ನೋಡಿ. ಚರಂಡಿ ತೋಡಿ ಮಣ್ಣನ್ನು ಮೇಲ್ಬದಿಗೆ ಎಸೆದು ಮೆಟ್ಟಿಲು ಗದ್ದೆ ಮಾಡುವ ಫಾನ್ಯಾ ಜೂ ಪದ್ಧತಿಗೆ ಮಚಾಕೋಸ್ ಹೆಸರಾದದ್ದು. ಮೇಲೆ ಮೆಟ್ಟಿಲು ಹಾಳಾದರೆ ನಯ ಮಣ್ಣು ಇಳಿದು ಕಟ್ಟದ ಮರಳಿನ ಸಂದುಗಳನ್ನು ಮುಚ್ಚುತ್ತದೆ, ಆಗ ನೀರು ಹಿಡಿಯುವುದು ಕಡಿಮೆಯಾಗುತ್ತದೆ. ಮರಳಿನಲ್ಲಿ ತೋಡಿದ ಒರತೆಗೆ ಕೈ ಹಾಕಿ ಎಷ್ಟು ಆಳದಲ್ಲಿ ನೀರಿದೆ ಎಂದು ಅಳೆಯಿರಿ. ದನ ಕುಡಿಯುವ ಒರತೆ, ಜನ ಕುಡಿಯುವ ಒರತೆ ಬೇರೆ ಬೇರೆ ಇವೆಯೇ, ಕೈಪಂಪು ಇದ್ದರೆ ವಾಷರ್ ಎಲ್ಲಿ ಸಿಗುತ್ತದೆ, ಬದಲಿಸುವವರು ಯಾರು, ಕೇಳಿ.

ಇನ್ನೊಂದು ಅಪಾಯ ನಮ್ಮ ನದಿ ತೀರದವರಿಗೆ ಚೆನ್ನಾಗಿ ಗೊತ್ತಿರುವುದೇ: ಹೊಯ್ಗೆ ಲಾರಿ. ನೈರೋಬಿಯ ಕಟ್ಟಡಗಳಿಗೆ ಮರಳು ಈ ಸೀಮೆಯ ಹೊಳೆಗಳಿಂದಲೇ ಹೋಗುತ್ತದೆ. ಮರಳು ಹೋದರೆ ಅದರೊಳಗಿನ ನೀರೂ ಹೋಯಿತು. ಮಕುಯೇನಿ ಕೌಂಟಿ ಇದಕ್ಕೆಂದೇ 2015ರಲ್ಲಿ ಮರಳು ಸಂರಕ್ಷಣೆಯ ಕಾನೂನು ತಂದಿತು. ನೀವು ಹೋದ ಕಟ್ಟದಲ್ಲಿ ಲಾರಿ ಬಂದರೆ ತಡೆಯುವವರು ಯಾರು, ತಡೆದವರಿಗೆ ಬೆಂಬಲ ಯಾರದು ಎಂದು ಕೇಳಿ. ಈ ಪ್ರಶ್ನೆ ಕೇಳಿದಾಗ ನಮ್ಮ ಎದುರು ಸುಮ್ಮನೆ ಕೂತಿದ್ದ ಗಂಡಸರೂ ಮಾತಾಡಲು ಶುರು ಮಾಡಿದರು. ನಮ್ಮ ಹೊಳೆಯ ಕಥೆ ನಾವು ಹೇಳಿದೆವು, ಅವರ ಹೊಳೆಯ ಕಥೆ ಅವರು ಹೇಳಿದರು. ಇಡೀ ಪ್ರವಾಸದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ ಮಧ್ಯಾಹ್ನ ಅದು.

ಕೇಳುವ ರೀತಿ

"ಯೋಜನೆಯಿಂದ ಪ್ರಯೋಜನ ಆಗಿದೆಯಾ?" ಎಂದು ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ದೂರದಿಂದ ಬಂದ ನೆಂಟರಿಗೆ ಇಲ್ಲ ಎನ್ನುವ ಪದ್ಧತಿ ನಮ್ಮಲ್ಲೂ ಇಲ್ಲವಲ್ಲ. ಅದರ ಬದಲು "ನಿನ್ನೆ ನೀರು ಎಲ್ಲಿಂದ ತಂದಿರಿ, ಎಷ್ಟು ಹೊತ್ತಾಯಿತು?" ಎಂದು ಕೇಳಿ. "ಕೊನೆಯ ಸಲ ಏನು ಕೆಟ್ಟಿತು? ಸರಿ ಮಾಡಲು ಎಷ್ಟು ದಿನ ಹಿಡಿಯಿತು? ದುಡ್ಡು ಯಾರು ಕೊಟ್ಟರು?" ಉತ್ತರ ತಡವಾದರೆ ಕಾಯಿರಿ, ನಡುವೆ ಬಾಯಿ ಹಾಕಬೇಡಿ.

ಹೆಂಗಸರೊಡನೆ ಬೇರೆಯಾಗಿ ಕೂರಿ. ದುಭಾಷಿ ಹೆಂಗಸಾಗಿರಲಿ, ಅಕಾಂಬಾ ಜನರ ಭಾಷೆ ಕಿಕಾಂಬಾ ಬಲ್ಲವಳಾಗಿರಲಿ, ಯೋಜನೆ ನಡೆಸಿದ ಸಂಸ್ಥೆಯ ಸಂಬಳದವಳಾಗಿರದಿದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಮ್ವೆಥ್ಯಾ ಎಂಬ ಕೂಡುಕೆಲಸದ ಗುಂಪುಗಳಿವೆ, ನಮ್ಮ ಮುಯ್ಯಾಳಿನ ಹಾಗೆ. ಕಟ್ಟದ ಕಲ್ಲು, ಮರಳು, ನೀರು ಹೊತ್ತು ಹಾಕಿದವರು ಅವರೇ, ಅದರಲ್ಲೂ ಹೆಚ್ಚಿನವರು ಹೆಂಗಸರು. ಉಳಿತಾಯದ ಚಾಮಾ ಗುಂಪುಗಳೂ ಇವೆ. ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಲೆಕ್ಕ ಬರೆದವರೊಬ್ಬರು ತಂಡದಲ್ಲಿದ್ದರೆ ಅವರ ಲೆಕ್ಕದ ಪುಸ್ತಕವನ್ನು ವಿನಯದಿಂದ ಕೇಳಿ ನೋಡಬಹುದು. ರಿಪೇರಿಗೆಂದು ತೆಗೆದಿಟ್ಟ ದುಡ್ಡು ಆ ಪುಸ್ತಕದಲ್ಲಿ ಇದ್ದರೆ ಕಟ್ಟದ ಆಯುಸ್ಸಿನ ಬಗ್ಗೆ ನನಗೆ ಭರವಸೆ. ನಮ್ಮಲ್ಲಿ ಏನು ಸೋತಿದೆ ಎಂಬುದನ್ನೂ ಮುಚ್ಚಿಡದೆ ಹೇಳಿ. ಬರೀ ತಪಾಸಣೆಗೆ ಬಂದವರಂತೆ ಕೂರಬಾರದು.

ಮಕ್ಕಳಿಗೆ ಚಾಕಲೇಟ್, ಪೆನ್ನು ಎಸೆದು ಹಂಚುವುದನ್ನು ದಯವಿಟ್ಟು ನಿಲ್ಲಿಸಿ. ನಮ್ಮೂರಿಗೆ ಯಾರೋ ಬಂದು ನಮ್ಮ ಮೊಮ್ಮಕ್ಕಳಿಗೆ ಹಾಗೆ ಮಾಡಿದರೆ ನಮಗೆ ಹೇಗಾದೀತು? ಶಾಲೆಗೆ ಏನಾದರೂ ಕೊಡುವುದಿದ್ದರೆ ಮುಖ್ಯೋಪಾಧ್ಯಾಯರನ್ನು ಮೊದಲೇ ಕೇಳಿ, ಅಲ್ಲಿಯ ಅಂಗಡಿಯಲ್ಲೇ ಕೊಂಡು, ಅವರ ಕೈಗೆ ಕೊಡಿ. ಹೆಂಗಸರು ಹೆಣೆದ ಕಿಯೊಂಡೊ ಬುಟ್ಟಿಗಳನ್ನು ಚೌಕಾಸಿ ಮಾಡದೆ ಕೊಳ್ಳಿ. ದುಡ್ಡನ್ನು ಎಂ-ಪೆಸಾದಲ್ಲಿ, ಅಂದರೆ ಮೊಬೈಲ್ ಮೂಲಕ, ಕೊಡುವ ಅಭ್ಯಾಸ ಅಲ್ಲಿ 2007ರಿಂದ ಇದೆ, ಆತಿಥೇಯರ ಸಹಾಯ ಪಡೆಯಿರಿ. ಮುಖ ಕಾಣುವ ಫೋಟೊಕ್ಕೆ ಮೊದಲು ಒಪ್ಪಿಗೆ, ಮಕ್ಕಳದ್ದಾದರೆ ಹೆತ್ತವರ ಅಥವಾ ಶಿಕ್ಷಕರ ಒಪ್ಪಿಗೆ ಬೇಕು. ನೀರು ಹೊತ್ತು ಬಳಲಿದ ಹುಡುಗಿಯ ಚಿತ್ರ ನಮ್ಮ ಕ್ಲಬ್ ಬುಲೆಟಿನ್‌ಗೆ ಬೇಡ.

ಊಟದ ಚಿಂತೆ ಅಷ್ಟಿಲ್ಲ. ಸಸ್ಯಾಹಾರಿಗಳಿಗೆ ಮೆಕ್ಕೆಜೋಳ, ಹುರುಳಿಕಾಯಿ ಬೀಜ ಬೇಯಿಸಿದ ಗಿಥೇರಿ, ಮೆಕ್ಕೆಜೋಳದ ಹಿಟ್ಟಿನ ಉಗಾಲಿ, ಸುಕುಮಾ ಸೊಪ್ಪಿನ ಪಲ್ಯ, ಚಪಾತಿ, ಹಾಲು ಹಾಕಿದ ಚಹಾ ಎಲ್ಲ ಸಿಗುತ್ತದೆ. ಮಾಂಸ ತಿನ್ನದಿದ್ದರೆ ಎರಡು ವಾರ ಮುಂಚೆಯೇ ತಿಳಿಸಿ, ತಟ್ಟೆ ಮುಂದೆ ಬಂದ ಮೇಲೆ ಬೇಡ ಎನ್ನಬೇಡಿ.

ಮರಳಿದ ಮೇಲೆ

ಪ್ರತಿ ರಾತ್ರಿ ಮಲಗುವ ಮೊದಲು ತಂಡದವರು ಕೂತು ಅರ್ಧ ಗಂಟೆ ಬರೆದುಕೊಂಡಿದ್ದರೆ ವರದಿ ಬರೆಯುವುದು ಸುಲಭ. ನಾಲ್ಕು ಪುಟ ಸಾಕು. ಕಂಡದ್ದು, ಕೇಳಿದ್ದು, ನಮಗೆ ಅನಿಸಿದ್ದು, ಮೂರನ್ನೂ ಬೇರೆ ಬೇರೆ ಬರೆಯಿರಿ. ಸೋರಿಕೆ, ಜಗಳ, ನಿಂತುಹೋದ ಪಂಪು ಬಿಡದೆ ಬರೆಯಿರಿ. ಗ್ರಾಂಟಿನ ಯೋಜನೆಯಾದರೆ ಹನ್ನೆರಡು ತಿಂಗಳಿಗೊಮ್ಮೆ ಫೌಂಡೇಶನ್‌ಗೆ ಹೋಗುವ ವರದಿಗೆ, ಮುಗಿದ ಎರಡು ತಿಂಗಳೊಳಗಿನ ಕೊನೆಯ ವರದಿಗೆ ಇದೇ ಆಧಾರ. ಕಳಿಸುವ ಮೊದಲು ಆತಿಥೇಯ ಕ್ಲಬ್ಬಿಗೆ ಓದಲು ಕೊಡಿ, ಅವರ ಮೂಲಕ ಊರಿನ ಗುಂಪಿಗೂ ಓದಿ ಹೇಳಿಸಿ, ಅವರು ಹೇಳಿದ ತಿದ್ದುಪಡಿ ಸೇರಿಸಿ. ಒಂದು ಪ್ರತಿಯನ್ನು ನಿಮ್ಮ ನಂತರದ ಅಧ್ಯಕ್ಷರ ಕೈಗೆ ಕೊಟ್ಟು, ಮುಂದಿನ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಆ ಗುಂಪಿನವರಿಗೆ ಫೋನ್ ಮಾಡಿ ಒರತೆಯ ನೀರು ಎಷ್ಟು ಆಳದಲ್ಲಿದೆ ಎಂದು ಕೇಳುವ ಕೆಲಸವನ್ನು ಅವರ ಡೈರಿಯಲ್ಲೇ ಬರೆಸಿ.